ಹಿಮ ಕಚೇರಿಯಲ್ಲಿರುವ ನನ್ನ ಅಪ್ಪನಿಗೆ

ಸಾರ್ಫಾಕ್
12 ಜನವರಿ 1986

ಅಪ್ಪಾ,

ನೀನು ಕಳಿಸಿದ ಕಾಫಿಪುಡಿ, ಕೆಂಪು ಉಣ್ಣೆದಾರ ಎರಡೂ ಬಂದವು. ದಾರವನ್ನು ಕೂಡಲೇ ಬಚ್ಚಿಟ್ಟೆ. ಇಲ್ಲದಿದ್ದರೆ ನಿನ್ನ ಅಳಿಯ ಅದರಲ್ಲಿ ಗಾಳ ಕಟ್ಟಿಕೊಂಡು ಮೀನಿಗೆ ಹೊರಡುತ್ತಿದ್ದ. ಅಳಿಯ ಎಂದದ್ದಕ್ಕೆ ಮುಖ ಊದಿಸಬೇಡ. ಹೆಂದ್ರಿಕ್ ನಿನ್ನನ್ನು ಹುಟ್ಟಿಸಿದ ತಂದೆಯೇ ಸರಿ. ಆದರೆ ನೀನು ನನ್ನ ಅಪ್ಪ ಯೋಸ್ವಾನ ಹೆಸರು ಹೊತ್ತು ಬಂದವಳು, ಆದ್ದರಿಂದ ನನ್ನ ಗಂಡ ನಿನಗೆ ಅಳಿಯ. ಅವನೇ ಇದನ್ನು ಒಪ್ಪಿಕೊಂಡು ಇಷ್ಟು ವರ್ಷವಾಯಿತು. ಅಂಚೆ ಬಂದ ದಿನ ಬಾಗಿಲಲ್ಲೇ ನಿಂತು, "ಮಾವನ ಕಾಗದ ಬಂತೇನೇ?" ಎಂದು ಕೇಳುತ್ತಾನೆ.

ಅಂಗಡಿಯ ರೇಡಿಯೋದಲ್ಲಿ ಬೆಳಗ್ಗೆ ನಿನ್ನ ಧ್ವನಿ ಕೇಳಿಬಂದರೆ ಸಾಕು, ಜನ ಬ್ರೆಡ್ಡು ಕೊಳ್ಳುವುದನ್ನು ಬಿಟ್ಟು ನಿಂತುಬಿಡುತ್ತಾರೆ. ಎಲ್ಲಿ ಹಿಮ ಎಷ್ಟು ತುಂಬಿದೆ, ಯಾವ ಹಡಗು ಯಾವ ದಾರಿ ಹಿಡಿಯಬಹುದು ಎಂದು ನೀನು ಓದುವುದು ಅರ್ಧ ಜನಕ್ಕೆ ತಿಳಿಯುವುದಿಲ್ಲ. ತಿಳಿದವರ ಹಾಗೆ ತಲೆಯನ್ನಂತೂ ಆಡಿಸುತ್ತಾರೆ. ಉಪದೇಶಿಯ ಹೆಂಡತಿ ಸಾರಾ ಮೊನ್ನೆ ನನ್ನ ಕೈ ಹಿಡಿದು, "ನಿಮ್ಮಪ್ಪ ಮತ್ತೆ ಹಡಗಿನವರಿಗೆ ದಾರಿ ಹೇಳಕ್ಕೆ ಶುರು ಮಾಡ್ದ ನೋಡು" ಎಂದಳು. ನನಗೆ ಅಳು ಬಂತು. ಹಿಮದಲ್ಲಿ ಹಡಗುಗಳಿಗೆ ದಾರಿ ತೋರಿಸಲು ಹತ್ತಿ ಹೋಗುತ್ತಿದ್ದ ಅಪ್ಪ ಒಂದು ವಸಂತದಲ್ಲಿ ಹೋದವನು ತಿರುಗಿ ಬರಲಿಲ್ಲ. ಅದೇ ವಸಂತದಲ್ಲಿ ನೀನು ಬಂದೆ. ಹೆಣ್ಣುಮಗುವಿಗೆ ಗಂಡಸಿನ ಹೆಸರೇಕೆ ಎಂದು ಪಾದ್ರಿ ಕೇಳಿದಾಗ ನಮ್ಮಮ್ಮ, "ನೀವು ಬರ್ಕೊಳ್ಳಿ ಸ್ವಾಮಿ" ಎಂದಳಂತೆ. ಅವನು ಬೊಲೆತ್ತೆ ಯೋಸ್ವಾ ಎಂದು ಬರೆದುಕೊಂಡ.

ಇನ್ನು ನಿನ್ನ ಮಗನ ಸಮಾಚಾರ. ನನ್ನ ತಮ್ಮ ಪಾವಿಯಾ ಈಗಲೂ ಹಾಗೆಯೇ ಇದ್ದಾನೆ. ಊರೂರಿಗೆ ಹಿಟ್ಟು, ಸಕ್ಕರೆ, ಸೀಮೆಎಣ್ಣೆ, ಜನ ಎಲ್ಲವನ್ನೂ ಸಾಗಿಸುವ ಅವನ ತಾತೆರಾಕ್ ದೋಣಿಗೆ ಗೊತ್ತಿರುವುದು ಒಂದೇ ವೇಗ. ಮಂಜು ಕವಿಯಲಿ, ಹಿಮ ತೇಲಿಬರಲಿ, ಅವನು ಎಂಜಿನ್ ತಗ್ಗಿಸುವವನಲ್ಲ. ಅಕ್ಕ ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾನೆ. ನನಗಿರುವುದು ಅವನೊಬ್ಬನೇ ತಮ್ಮ, ಅವನ ಮೇಲೆ ಒಂದು ಕಣ್ಣಿಟ್ಟಿರು. ಇದನ್ನೆಲ್ಲ ರೇಡಿಯೋದಲ್ಲೇ ಹೇಳಬಹುದಿತ್ತು. ಆದರೆ ಇಡೀ ಕರಾವಳಿ ಅಲ್ಲಿ ಕಿವಿ ಇಟ್ಟು ಕೂತಿರುತ್ತದೆ.

ನಿನ್ನ ಮಗಳೂ ತಾಯಿಯೂ ಆದ
ಬಿಬಿಯಾನೆ

*

ಹಿಮ ಕಚೇರಿ
9 ಫೆಬ್ರವರಿ 1986

ಪ್ರೀತಿಯ ಅಮ್ಮಾ,

ಕಾಗದ ಓದಿ ನಕ್ಕು ನಕ್ಕು ಸಾಕಾಯಿತು. ಅಳಿಯನಿಗೆ ಹೇಳು, ಬೆನ್ನುನೋವು ಎಂದು ಮಲಗಿಕೊಂಡು ಹೆಂಡತಿಯ ಕೈಯಲ್ಲಿ ನೀರು ಹೊರಿಸಿದರೆ ಮಾವ ಬಂದು ವಿಚಾರಿಸಿಕೊಳ್ಳುತ್ತಾನೆ ಎಂದು.

ಇಲ್ಲಿ ನನ್ನ ಕೆಲಸ ಎರಡು ಬಗೆಯದು. ಬೆಳಕು ಚೆನ್ನಾಗಿದ್ದ ದಿನ ಹೆಲಿಕಾಪ್ಟರಿನಲ್ಲಿ ಕೂತು ಪೂರ್ವ ಕರಾವಳಿಯಿಂದ ಸುತ್ತಿ ತೇಲಿಬರುವ ಸಮುದ್ರದ ಹಿಮರಾಶಿಯನ್ನು, ನಮ್ಮ ದೊಡ್ಡ ಹಿಮವನ್ನು ನೋಡಿ ನಕ್ಷೆ ಬರೆಯುತ್ತೇನೆ. ತಿರುಗಿ ಬಂದ ಮೇಲೆ ಒಂದೊಂದು ಹಡಗಿಗೂ ಅಪಾಯ ಎಷ್ಟು ಎಂದು ತೂಗಿ ನೋಡುವುದು. ಹಿಮ ಈ ವರ್ಷದ್ದೋ, ಹಲವು ಬೇಸಿಗೆ ಕಂಡು ಕಲ್ಲಾದದ್ದೋ? ಹಡಗಿನ ಮೈ ಎಷ್ಟು ದಪ್ಪ? ಮಂಜಿನಲ್ಲಿ ಎಷ್ಟು ದೂರ ಕಾಣುತ್ತದೆ? ಬರುವ ವೇಗಕ್ಕೆ ಹಡಗು ಎಷ್ಟು ದೂರದಲ್ಲಿ ನಿಲ್ಲುತ್ತದೆ? ಇದನ್ನೆಲ್ಲ ಕೂಡಿಸಿ ಹೋಗಬಹುದು, ನಿಧಾನವಾಗಿ ಹೋಗಬಹುದು, ಹೋಗದಿರುವುದು ಒಳ್ಳೆಯದು ಎಂದು ಹೇಳುತ್ತೇವೆ. ಹೇಳುತ್ತೇವೆ ಅಷ್ಟೆ. ನಮ್ಮದು ಬರೀ ಸಲಹೆ, ತೀರ್ಮಾನ ನಾವಿಕನದು.

ಗುಡ್ಡದಂಥ ಹಿಮಕ್ಕೆ ಯಾರೂ ಹೆದರಬೇಕಾಗಿಲ್ಲ. ಅದು ಕಣ್ಣಿಗೂ ಕಾಣುತ್ತದೆ, ರಡಾರಿಗೂ ಕಾಣುತ್ತದೆ. ನನ್ನ ನಿದ್ದೆ ಕೆಡಿಸುವುದು ಕರಿಗಡ್ಡೆ. ಹಿಮನದಿಯಿಂದ ಕಳಚಿಬಿದ್ದು, ಕರಗಿ, ಗಾಜಿನಂತಾಗಿ ನೀರಿಗೆ ಸಮನಾಗಿ ತೇಲುವ ತುಂಡು. ಮನೆಯಷ್ಟು ಭಾರವಿದ್ದರೂ ಅಲೆಗಳ ನಡುವೆ ರಡಾರಿಗೆ ಸಿಗುವುದಿಲ್ಲ.

ಅಮ್ಮಾ, ಒಂದು ಮಾತು ಕೇಳಬೇಕು. ಪಾವಿಯಾ ರೇಡಿಯೋದಲ್ಲಿ ಕರೆಯುವಾಗ, "ಅಪ್ಪಾ, ತಾತೆರಾಕ್ ಮಾತಾಡ್ತಿರೋದು, ಕೇಳ್ತಿದ್ಯಾ?" ಎನ್ನುತ್ತಾನೆ. ನಮ್ಮ ಮುಖ್ಯಸ್ಥ ಥೋರುಪ್ ಡೆನ್ಮಾರ್ಕಿನವನಾದರೂ ಆ ಒಂದು ಪದ ಅವನಿಗೆ ಗೊತ್ತು. ನಲವತ್ತು ದಾಟಿದ ಗಂಡಸು ನಿನ್ನನ್ನು ಅಪ್ಪ ಎನ್ನುವುದೇಕೆ ಎಂದು ಕೇಳಿದ. ಹೆಸರಿನ ವಿಷಯವನ್ನೆಲ್ಲ ವಿವರಿಸಿದೆ. ಅವನು ನಗಲಿಲ್ಲ, ಅದು ದೊಡ್ಡದು. ಆದರೆ ಸಿಗಡಿ ಹಿಡಿಯುವ ಹಡಗಿನವರು ಸುಮ್ಮನಿರುತ್ತಾರೆಯೇ? "ಏನಪ್ಪಾ, ಮೀಸೆ ಬೋಳಿಸಿದ್ಯಾ ಇವತ್ತು?" ಎಂದು ಕೇಳುತ್ತಾರೆ. ಈ ಕೋಣೆಯಲ್ಲಿ ನಾನೊಬ್ಬಳೇ ಹೆಂಗಸು, ನಾನೊಬ್ಬಳೇ ಇಲ್ಲಿಯವಳು. ನನ್ನ ಮಾತಿಗೆ ತೂಕ ಬರಬೇಕಾದರೆ ರೇಡಿಯೋದಲ್ಲಿ ನಾನು ಹಿಮ ಕಚೇರಿ ಆಗಿರಬೇಕು. ಎಲ್ಲರ ಹಾಗೆ ಕರೆಯಬೇಕೆಂದು ಪಾವಿಯಾಗೆ ನೀನೇ ಹೇಳು. ನಾನು ಹೇಳಿದರೆ ನೊಂದುಕೊಳ್ಳುತ್ತಾನೆ.

ನಿನ್ನ
ಬೊಲೆತ್ತೆ

*

ಸಾರ್ಫಾಕ್
4 ಮಾರ್ಚ್ 1986

ಮಗಳೇ ಬೊಲೆತ್ತೆ,

ನೀನು ಹೇಳಿದ್ದನ್ನು ಪಾವಿಯಾಗೆ ತಿಳಿಸಿದೆ. ಊಟಕ್ಕೆ ಕರೆದು, ಸೀಲ್ ಮಾಂಸದ ಸಾರು ಬಡಿಸಿ, ಹೊಟ್ಟೆ ತುಂಬಿದ ಮೇಲೆ ಮೆತ್ತಗೆ ಹೇಳಿದೆ. ಮೊದಲು ನಕ್ಕ. ಆಮೇಲೆ ಚಮಚ ಕೆಳಗಿಟ್ಟ.

"ಅಪ್ಪನಿಗೆ ನಾನ್ ಅಂದ್ರೆ ನಾಚ್ಕೆನಾ?" ಎಂದ.

"ನಾಚ್ಕೆ ಅಲ್ಲ ಕಣೋ, ಕಚೇರಿ ಅಂದ್ಮೇಲೆ ಅದಕ್ಕೊಂದು ರೀತಿ ಇರುತ್ತೆ."

"ಸರಿ ಬಿಡು. ರೀತಿ ನಂಗೂ ಬರುತ್ತೆ."

ಇನ್ನೊಂದು ಬಟ್ಟಲು ಸಾರು ಬೇಡವೆಂದು ಎದ್ದುಹೋದ. ಪಾವಿಯಾ ಸಾರು ಬೇಡ ಎಂದದ್ದನ್ನು ನೀನು ಎಂದಾದರೂ ಕೇಳಿದ್ದೀಯಾ?

ಅಪ್ಪ ಹೋದಾಗ ಅವನಿಗಿನ್ನೂ ಮೀಸೆ ಚಿಗುರುವ ವಯಸ್ಸು. ನೀನು ಹುಟ್ಟಿದ ದಿನ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದವನನ್ನು ಅಮ್ಮ ಒಳಗೆ ಕರೆದು, "ಬಾ, ನಿಮ್ಮಪ್ಪ ಬಂದಿದ್ದಾನೆ" ಎಂದಳು. ಅಂದಿನಿಂದ ಸೀಲ್ ಹೊಡೆದಾಗಲೆಲ್ಲ ಒಳ್ಳೆಯ ತುಂಡು ನಿನಗೆ. ನಿನಗೆ ಹಲ್ಲು ಬರುವ ಮೊದಲೂ ತಂದಿಡುತ್ತಿದ್ದ, ನಾನು ಅಗಿದು ತಿನ್ನಿಸುತ್ತಿದ್ದೆ. ನೀನು ಪುಟ್ಟವಳಿದ್ದಾಗ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಪಾವಿಯಾ, ಕುಡ್ಕೊಂಡ್ ನಮ್ಮನೆಗ್ ಬರ್ಬೇಡ" ಎಂದದ್ದು ನಿನಗೆ ನೆನಪಿದೆಯೋ ಇಲ್ಲವೋ. ಅವನು ಕುಡಿತ ಬಿಟ್ಟದ್ದು ಆ ದಿನ. ಪಾದ್ರಿಯಿಂದ ಆಗದ್ದು, ಅವನ ಹೆಂಡತಿಯಿಂದ ಆಗದ್ದು ನಿನ್ನಿಂದ ಆಯಿತು.

ನೀನು ಮಾಡಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ನೀನಿರುವ ಜಾಗ ಹೇಗಿದೆಯೋ ನಿನಗೇ ಗೊತ್ತು. ನಾನೂ ಇನ್ನು ಮೇಲೆ ಮಗಳೇ ಎಂದೇ ಬರೆಯುತ್ತೇನೆ. ಆ ಪದ ಬರೆಯುವಾಗ ಪೆನ್ನು ತಡವರಿಸಿತು, ರೂಢಿಯಾದರೆ ಸರಿಹೋದೀತು. ಒಣಗಿಸಿದ ಮೀನು ಕಳಿಸಿದ್ದೇನೆ. ಡಬ್ಬಿಯ ಮುಚ್ಚಳ ಭದ್ರವಾಗಿ ಹಾಕಿಡು, ಇಲ್ಲದಿದ್ದರೆ ಕಚೇರಿಯ ರೀತಿಯೆಲ್ಲ ಮೀನುವಾಸನೆ ಹೊಡೆದೀತು.

ನಿನ್ನ ತಾಯಿ
ಬಿಬಿಯಾನೆ

*

ಹಿಮ ಕಚೇರಿ
27 ಮಾರ್ಚ್ 1986

ಅಮ್ಮಾ,

ನಾನು ಬೇಡವೆಂದದ್ದು ರೇಡಿಯೋದಲ್ಲಿ ಅಪ್ಪಾ ಎನ್ನುವುದನ್ನು. ಕಾಗದದಲ್ಲಿ ಬೇಡವೆಂದು ಯಾರು ಹೇಳಿದರು? ನಿನ್ನ ಕಾಗದವನ್ನು ಯಾರೋ ಬೇರೆಯವರ ಮನೆಗೆ ಬಂದದ್ದೇನೋ ಎಂಬಂತೆ ಓದಿದೆ.

ಪಾವಿಯಾಗೆ ರೀತಿ ಚೆನ್ನಾಗಿಯೇ ಬರುತ್ತದೆ. "ಹಿಮ ಕಚೇರಿಯವರೇ, ನಮಸ್ಕಾರ. ತಾತೆರಾಕ್ ಹೊರಟಿದೆ. ನಿಮಗೆ ತಿಳಿದಿರಲಿ ಅಂತ ಹೇಳ್ದೆ." ಅಷ್ಟೇ. ನಾನು ಏನು ಹೇಳಿದರೂ, "ನಿಮ್ಮ ಸಲಹೆ ಕೇಳಿಸ್ತು, ಉಪಕಾರ ಆಯ್ತು." ನೀವು, ನಿಮ್ಮ! ಸಲಹೆ ಕೇಳಿಸಿಕೊಂಡವನು ವೇಗವನ್ನು ಮಾತ್ರ ಒಂದು ಚೂರೂ ತಗ್ಗಿಸುವುದಿಲ್ಲ. ಒಂದು ಊರು ಬಿಟ್ಟದ್ದು, ಮುಂದಿನ ಊರು ಸೇರಿದ್ದು ರೇಡಿಯೋದಲ್ಲಿ ಕೇಳಿ ನಾನು ಮನಸ್ಸಿನಲ್ಲೇ ವೇಗ ಲೆಕ್ಕಹಾಕುತ್ತೇನೆ. ಮೊದಲಾದರೆ ಜಗಳವಾದರೂ ಆಡುತ್ತಿದ್ದ. ಜಗಳವಾಡುವಾಗ ಅರ್ಧ ಮಾತಾದರೂ ಒಳಗೆ ಹೋಗುತ್ತಿತ್ತು. ಈ ಮರ್ಯಾದೆಯ ಮಾತಿನಲ್ಲಿ ಹಿಡಿಯುವುದಕ್ಕೆ ಏನೂ ಸಿಗುವುದಿಲ್ಲ.

ನಿನ್ನ ಬಾಯಿಂದಲೇ ಒಂದು ಮಾತು ಅವನಿಗೆ ಹೇಳು. ಮಂಜಿನಲ್ಲಿ ಎಷ್ಟು ದೂರ ಕಾಣುತ್ತದೋ ಅದರ ಅರ್ಧದಷ್ಟು ದೂರದೊಳಗೆ ದೋಣಿ ನಿಲ್ಲುವಂತಿರಬೇಕು. ಅವನು ಓಡಿಸುವ ವೇಗದಲ್ಲಿ ತಾತೆರಾಕ್ ನಿಲ್ಲುವುದಿಲ್ಲ. ಹಿಟ್ಟು, ಎಣ್ಣೆ ಹೇರಿಕೊಂಡಾಗಲಂತೂ ಖಂಡಿತ ನಿಲ್ಲುವುದಿಲ್ಲ.

ನಿನ್ನ
ಬೊಲೆತ್ತೆ

*

ಸಾರ್ಫಾಕ್
20 ಏಪ್ರಿಲ್ 1986

ಮಗಳೇ,

ಮಾತು ತಲುಪಿಸಿದೆ. "ಕಚೇರಿಯೋರ್ ಹೇಳಿದ್ನ ಮನೆಯೋರೂ ಹೇಳಕ್ಕೆ ಶುರು ಮಾಡಿದ್ರಾ?" ಎಂದು ನಕ್ಕುಬಿಟ್ಟ. ಇನ್ನು ನನ್ನ ಕೈಲಾಗದು.

ಈಗ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಪಾವಿಯಾನ ಮಗಳು ಅಮಾಲಿಯಾಗೆ ಮೇ ಮೊದಲ ಭಾನುವಾರ ನಾನೊರ್ತಾಲಿಕ್ ಪೇಟೆಯ ಚರ್ಚಿನಲ್ಲಿ ದೃಢೀಕರಣ, ಓರಗೆಯ ಹುಡುಗಿಯರ ಸಾಲಿನಲ್ಲಿ ನಿಂತು ತನ್ನ ವಿಶ್ವಾಸವನ್ನು ಸಭೆಯ ಮುಂದೆ ಹೇಳುತ್ತಾಳೆ. ಮಣಿಯ ಕೊರಳಪಟ್ಟಿ ಮುಗಿಸಲು ನಾನೂ ಸಾರಾಳೂ ಕಣ್ಣು ಕಳೆದುಕೊಂಡೆವು. ನೀನು ಕಳಿಸಿದ ಕೆಂಪು ದಾರವೂ ಅವಳ ಉಡುಗೆಗೇ ಹೋಯಿತು. ಬಿಳಿಯ ಚರ್ಮದ ಬೂಟು ತೊಟ್ಟುಕೊಂಡು ಹುಡುಗಿ ಮನೆಯೊಳಗೇ ನಡೆದು ನೋಡುತ್ತಾಳೆ, ಹೊರಗೆ ಕಾಲಿಟ್ಟರೆ ಕೊಳೆಯಾದೀತೆಂದು. "ಅಜ್ಜ ಬರಲ್ವಾ?" ಎಂದು ದಿನಕ್ಕೆರಡು ಸಲ ನಿನ್ನ ಬಗ್ಗೆಯೇ ಕೇಳುತ್ತಾಳೆ. ಪೇಟೆಯ ನೆಂಟರ ಮನೆಯಲ್ಲಿ ಕಾಫಿ ಕೂಟ. ಬಂದವರಿಗೆಲ್ಲ ಕೊಡಲು ಕೇಕುಗಳನ್ನು ಇಲ್ಲೇ ಬೇಯಿಸಿ ಒಯ್ಯುತ್ತೇವೆ.

ಶುಕ್ರವಾರ ಬೆಳಗ್ಗೆ ತಾತೆರಾಕ್‌ನಲ್ಲಿ ನಾವೆಲ್ಲ ಹೊರಡುತ್ತೇವೆ. ನಾನು, ಹೆಂದ್ರಿಕ್, ಸಾರಾ, ಅಮಾಲಿಯಾ, ಅವಳ ತಾಯಿ, ಅರ್ಧ ಊರು. ನಿನಗೆ ರಜೆ ಸಿಕ್ಕರೆ ಪೇಟೆಗೆ ಬಾ. ಸಿಗದಿದ್ದರೆ ಆ ದಿನ ಹಿಮವನ್ನು ಸ್ವಲ್ಪ ಪಕ್ಕಕ್ಕೆ ತಳ್ಳಿಟ್ಟಿರು.

ನಿನ್ನ ತಾಯಿ
ಬಿಬಿಯಾನೆ

*

ಹಿಮ ಕಚೇರಿ
2 ಮೇ 1986, ಶುಕ್ರವಾರ ಸಂಜೆ

ಅಮ್ಮಾ,

ಈ ಕಾಗದ ನಿನಗೆ ಪೇಟೆಯಲ್ಲಿ ಸಿಗಲಿ ಎಂದು ಬರೆಯುತ್ತಿದ್ದೇನೆ. ನೀನು ಈಗ ಎಲ್ಲಿದ್ದೀಯೋ ನನಗೆ ಗೊತ್ತು. ಬಯಲು ಸಮುದ್ರಕ್ಕೆ ಮೊದಲು ಸಿಗುವ ಮೂತಿಬಂಡೆಯ ಹಿಂದಿನ ಕೊಲ್ಲಿಯಲ್ಲಿ, ತಾತೆರಾಕ್‌ನ ಒಳಕೋಣೆಯಲ್ಲಿ, ನನ್ನನ್ನು ಬೈದುಕೊಳ್ಳುತ್ತ ಕೂತಿದ್ದೀಯ. ಗೊತ್ತಿರುವುದೇ ನನ್ನ ಪುಣ್ಯ.

ಬೆಳಗ್ಗೆ ಹೆಲಿಕಾಪ್ಟರಿನಲ್ಲಿ ಜಲಸಂಧಿಯ ಬಾಯಿಯವರೆಗೆ ಹೋಗಿದ್ದೆ. ದೊಡ್ಡ ಹಿಮ ವಿರಳವಾಗಿತ್ತು, ನೀರಿನ ಹತ್ತರಲ್ಲಿ ಎರಡು ಪಾಲನ್ನೂ ಮುಚ್ಚಿರಲಿಲ್ಲ. ನಕ್ಷೆ ನೋಡಿದವರು ಯಾರಾದರೂ ಹೊರಡಬಹುದು ಎನ್ನುತ್ತಿದ್ದರು. ಆದರೆ ಅದರ ನಡುವೆ ಕರಿಗಡ್ಡೆಗಳಿದ್ದವು. ತಗ್ಗಿ ಹಾರಿದಾಗಷ್ಟೇ ಕಂಡವು, ನೀರಿನೊಳಗೆ ನೀರಿನ ಹಾಗೆ. ಸೆಳೆತ ಅವುಗಳನ್ನು ದೋಣಿಗಳ ದಾರಿಗೇ ತರುತ್ತಿತ್ತು. ನಾವು ಇಳಿಯುವಷ್ಟರಲ್ಲಿ ಮಂಜು ಬಂದು ಎಲ್ಲವನ್ನೂ ಮುಚ್ಚಿತು.

ನೀವಾಗಲೇ ಹೊರಟಿದ್ದಿರಿ. ಎಚ್ಚರಿಕೆ ಓದಿದೆ. ಪಾವಿಯಾ, "ಹಿಮ ಕಚೇರಿಯವರೇ, ನಿಮ್ಮ ಸಲಹೆ ಕೇಳಿಸ್ತು, ಉಪಕಾರ ಆಯ್ತು" ಎಂದ. ವೇಗ ಎಷ್ಟೆಂದು ಕೇಳಿದೆ. ಯಾವಾಗಲೂ ಇರುವಷ್ಟೇ ಎಂದ. ಎಷ್ಟು ದೂರ ಕಾಣುತ್ತಿದೆ ಎಂದು ಕೇಳಿದೆ. "ಮೂತಿ ಕಾಣ್ತಿದೆ, ಸಾಕು" ಎಂದ. ದೋಣಿಯ ಮೂತಿ! ಮತ್ತೊಮ್ಮೆ ಓದಿದೆ. ಮತ್ತೊಮ್ಮೆ ಉಪಕಾರ ಆಯಿತು. ಥೋರುಪ್ ನನ್ನ ಹೆಗಲು ಮುಟ್ಟಿ, "ಹೇಳಬೇಕಾದದ್ದನ್ನು ಹೇಳಿದ್ದೀಯ. ಇನ್ನು ಅವನಿಗೆ ಬಿಟ್ಟದ್ದು" ಎಂದ. ನಿಯಮದ ಪ್ರಕಾರ ಅವನ ಮಾತು ಸರಿ. ನಾನು ನಕ್ಷೆ ನೋಡಿದೆ. ನೀವೆಲ್ಲ ಅದರ ಮೇಲಿದ್ದಿರಿ. ಇನ್ನು ಸ್ವಲ್ಪ ಹೊತ್ತಿಗೆ ಬಂಡೆಯ ಮರೆ ದಾಟಿ ಬಯಲು ನೀರಿಗೆ ಬೀಳುತ್ತಿದ್ದಿರಿ.

ಅಮ್ಮಾ, ಆಮೇಲೆ ನನ್ನ ಬಾಯಿಂದ ಬಂದದ್ದನ್ನು ನೀನು ಕೇಳಿದ್ದೀಯ, ಇಡೀ ಕರಾವಳಿ ಕೇಳಿದೆ. ಆದರೂ ಬರೆಯುತ್ತೇನೆ, ನಾನೇ ಅಂದೆನೆಂದು ನಂಬಿಕೆ ಬರಲಿ.

"ಪಾವಿಯಾ. ನಾನು ನಿಮ್ಮಪ್ಪ ಹೇಳ್ತಿದೀನಿ. ಎಂಜಿನ್ ತಗ್ಸು. ದೋಣಿ ತಿರುಗ್ಸು. ಬಂಡೆ ಹಿಂದೆ ಹೋಗಿ ಕಟ್ಟು. ಮಂಜು ಕಳಿಯೋ ತನ್ಕ ಅಲ್ಲಿಂದ ಅಲ್ಲಾಡ್ಬೇಡ."

ರೇಡಿಯೋದಲ್ಲಿ ಯಾರೂ ಮೀಸೆಯ ಹಾಸ್ಯ ಮಾಡಲಿಲ್ಲ. ಆಮೇಲೆ ಅವನ ಧ್ವನಿ ಬಂತು, ತೀರಾ ಸಣ್ಣದಾಗಿ. "ತಿರುಗಿಸ್ದೆ."

ಅಷ್ಟೇ ಅಂದ. ಅಪ್ಪಾ ಎನ್ನಲಿಲ್ಲ.

ನಿನ್ನ
ಬೊಲೆತ್ತೆ

*

ನಾನೊರ್ತಾಲಿಕ್
9 ಮೇ 1986

ಅಪ್ಪಾ,

ಇನ್ನು ಮೇಲೆ ನೀನು ಬೇಡವೆಂದರೂ ಹೀಗೇ ಬರೆಯುವವಳು ನಾನು. ಕರಾವಳಿಗೆಲ್ಲ ಕೇಳುವಂತೆ ನೀನೇ ಹೇಳಿಯಾದ ಮೇಲೆ ಮುಚ್ಚಿಡುವುದೇನಿದೆ?

ನಾವು ಎಲ್ಲರೂ ಕ್ಷೇಮ. ನಾನು ಚಾಲನೆಯ ಕೋಣೆಯಲ್ಲಿ ಪಾವಿಯಾನಿಗೆ ಕಾಫಿ ಕೊಡುತ್ತ ನಿಂತಿದ್ದೆ. ನಿನ್ನ ಧ್ವನಿ ಬಂದಾಗ ಅವನ ಮುಖ ಬದಲಾಗುವ ಮೊದಲೇ ಕೈ ಎಂಜಿನ್ ತಗ್ಗಿಸಿತ್ತು. ಆಮೇಲೆ ಮುಖ ಕೆಂಪಾಯಿತು. ಬಾಗಿಲಲ್ಲಿದ್ದ ಹೆಂದ್ರಿಕ್, "ಮಾವನ್ ಹತ್ರ ಬೈಸ್ಕೊಂಡ್ರೆ ಹಂಗೇ ಕಣೋ, ನಂಗ್ ಅಭ್ಯಾಸ ಇದೆ" ಎಂದ. ಪಾವಿಯಾ ನಗಲಿಲ್ಲ.

ಮಂಜು ಶನಿವಾರವೂ ಹೋಗಲಿಲ್ಲ, ಭಾನುವಾರವೂ ಹೋಗಲಿಲ್ಲ. ಚರ್ಚಿನಲ್ಲಿ ಗಂಟೆ ಹೊಡೆಯುವ ಹೊತ್ತಿಗೆ ಅಮಾಲಿಯಾ ಕೊಲ್ಲಿಯಲ್ಲಿ ಹಿಟ್ಟಿನ ಮೂಟೆಯ ಮೇಲೆ ಕೂತು, "ಅಜ್ಜ ನನ್ ಹಬ್ಬ ಹಾಳ್ ಮಾಡ್ದ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅವಳನ್ನು ಸಮಾಧಾನ ಮಾಡಲು ಮೊದಲನೆಯ ಕೇಕು ಕತ್ತರಿಸಿದೆವು. ಆಮೇಲೆ ಸಾರಾಳನ್ನು ಸಮಾಧಾನ ಮಾಡಲು ಎರಡನೆಯದು. ಕೊನೆಗೆ ಒಂದೂ ಉಳಿಯಲಿಲ್ಲ. ಸೋಮವಾರ ಪೇಟೆ ಸೇರಿದೆವು. ಪಾದ್ರಿ ಒಳ್ಳೆಯವನು, ಬುಧವಾರ ಹುಡುಗಿಯೊಬ್ಬಳನ್ನೇ ನಿಲ್ಲಿಸಿ ಮಾಡಿಕೊಟ್ಟ. ಆದರೆ ಒಡನಾಡಿ ಹುಡುಗಿಯರ ಜೊತೆ ಸಾಲಿನಲ್ಲಿ ನಿಲ್ಲುವುದು ತಪ್ಪಿತಲ್ಲ, ಅದು ಮತ್ತೆ ಬರುವಂಥದ್ದಲ್ಲ.

ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ಮಂಜು ಕಳೆದು ಬಯಲು ನೀರು ದಾಟುವಾಗ ನಾವೆಲ್ಲ ಕಣ್ಣು ಬಿಟ್ಟುಕೊಂಡು ನೋಡಿದೆವು. ಹಿಮ ಅಲ್ಲೊಂದು ಇಲ್ಲೊಂದು ಇತ್ತು. ಕರಿಗಡ್ಡೆ ಕಂಡೆ ಎಂದು ಹೆಂದ್ರಿಕ್ ಹೇಳುತ್ತಾನೆ. ಅದು ಅಲೆ ಎಂದು ಸಾರಾ ಹೇಳುತ್ತಾಳೆ. ಶುಕ್ರವಾರವೇ ಆರಾಮಾಗಿ ದಾಟಬಹುದಿತ್ತು ಎನ್ನುವವರೇ ಹೆಚ್ಚು. ಪೇಟೆಯ ದಡದಲ್ಲಿ ಪಾವಿಯಾನನ್ನು ಕಂಡವರು, "ಅಪ್ಪನ್ನ ಕೇಳ್ಕೊಂಡ್ ಬಂದ್ಯಾ?" ಎನ್ನುತ್ತಾರೆ.

ಅವರೇನಾದರೂ ಹೇಳಿಕೊಳ್ಳಲಿ. ನನ್ನಪ್ಪ ಹೋದ ಹಡಗಿನಿಂದ ಬದುಕಿ ಬಂದ ನಾವಿಕನೊಬ್ಬ ಅಮ್ಮನಿಗೆ ಹೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. ಅಪ್ಪ ಎರಡು ಸಲ ವೇಗ ತಗ್ಗಿಸಲು ಹೇಳಿದನಂತೆ. ಕೇಳಿಸಿತು ಎಂದನಂತೆ ಕಪ್ತಾನ. ಬಯ್ಯುವ ಅಧಿಕಾರ ಅಪ್ಪನಿಗಿರಲಿಲ್ಲ. ಈ ಸಲ ಬೈದನಲ್ಲ, ನನಗಷ್ಟು ಸಾಕು.

ನಿನ್ನ ಮಗಳು
ಬಿಬಿಯಾನೆ

*

ಹಿಮ ಕಚೇರಿ
30 ಮೇ 1986

ಪ್ರೀತಿಯ ಅಮ್ಮಾ,

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದೇನೆ.

ಇಲ್ಲಿ ಸ್ವಲ್ಪ ಗದ್ದಲವಾಯಿತು. ಹಿಮ ಕಚೇರಿಗೆ ಸಲಹೆ ಕೊಡುವ ಹಕ್ಕಿದೆಯೇ ಹೊರತು ಅಪ್ಪಣೆ ಕೊಡುವ ಹಕ್ಕಿಲ್ಲ ಎಂದು ಕೆಲವು ನಾವಿಕರು ದೂರು ಹೇಳಿದರು. ಥೋರುಪ್ ನನ್ನನ್ನು ಕೂರಿಸಿಕೊಂಡು ಆ ದಿನ ಅಂದದ್ದನ್ನು ಡೇನಿಷ್‌ಗೆ ತಿರುಗಿಸಿ ಹೇಳು ಎಂದ. ಒಂದಕ್ಷರ ಬಿಡದೆ ಹೇಳಿದೆ. ಪೈಪು ಕಚ್ಚಿಕೊಂಡು ಕೈಪಿಡಿ ತಿರುವಿಹಾಕಿದ.

"ನಮ್ಮ ಕೈಪಿಡಿಯಲ್ಲಿ ಇಂಥ ವಾಕ್ಯ ಇಲ್ಲ" ಎಂದ.

"ಇಲ್ಲ."

"ಅವನು ನಿಂತ್ನಾ?"

"ನಿಂತ."

"ಹಾಗಾದ್ರೆ ಸಲಹೆ ಪಾಲಿಸಲಾಯ್ತು ಅಂತ ಬರೀತೀನಿ. ಇನ್ನೊಂದ್ ಸಲ ಹಿಂಗಾದ್ರೆ ನನ್ ಕಿವಿಗ್ ಬೀಳೋದು ಬೇಡ. ನಾನು ಕಾಫಿಗ್ ಹೋಗಿರ್ತೀನಿ."

ಕೆಲಸ ಉಳಿಯಿತು. ಆದರೆ ನಾನು ಸರಿಯೋ ತಪ್ಪೋ ಎಂಬುದು ನನಗೇ ಗೊತ್ತಿಲ್ಲ, ಅಮ್ಮಾ. ಡಿಕ್ಕಿಯಾಗಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ಆಗದೆ ಹೋದ ಡಿಕ್ಕಿಯನ್ನು ಯಾರಿಗೆ ತೋರಿಸಲಿ? ನನ್ನ ಕೆಲಸವೆಲ್ಲ ಅಂಥದ್ದೇ. ಅಮಾಲಿಯಾ ಸುಮ್ಮಸುಮ್ಮನೆ ಅತ್ತಳೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಅವಳಿಗೊಂದು ಕೈಗಡಿಯಾರ ಕಳಿಸಿದ್ದೇನೆ, ಅಜ್ಜನ ತಪ್ಪುಕಾಣಿಕೆ ಎಂದು ಹೇಳು.

ನನಗೆ ತಡೆಯಲಾಗದ್ದು ಬೇರೆ. ಅಂದಿನಿಂದ ಪಾವಿಯಾ ನನ್ನನ್ನು ಕರೆದಿಲ್ಲ. ಉಪಕಾರ ಆಯಿತು ಎಂದು ಕೂಡ ಹೇಳುವುದಿಲ್ಲ. ತಾತೆರಾಕ್ ಹೊರಟಿತೆಂದು ಬೇರೆ ದೋಣಿಯವರ ಬಾಯಿಂದ ನನಗೆ ತಿಳಿಯುತ್ತದೆ. ನಾನು ಕರೆದರೆ ಉತ್ತರವಿಲ್ಲ. ದೊಡ್ಡ ಹಿಮ ಈಗಲೇ ದಟ್ಟವಾಗಿರುವುದು. ಒಂದು ಸಲ ನಿಲ್ಲಿಸಿ, ಇನ್ನು ಎಂದೂ ನಿಲ್ಲಿಸಲಾಗದಂತೆ ಮಾಡಿಕೊಂಡೆನೋ ಏನೋ.

ನಿನ್ನ
ಬೊಲೆತ್ತೆ

*

ಸಾರ್ಫಾಕ್
16 ಜೂನ್ 1986

ಹಿಮ ಕಚೇರಿಯಲ್ಲಿರುವವರಿಗೆ,

ನಾನು ಪಾವಿಯಾ. ಕಾಗದ ಬರೆದು ರೂಢಿಯಿಲ್ಲ. ಬರೆಯಲು ಅಕ್ಕ ಹೇಳಲಿಲ್ಲ, ಅವಳಿಗೆ ಗೊತ್ತೂ ಇಲ್ಲ.

ನನಗೆ ಸಿಟ್ಟು ಬಂದಿದೆ. ಜನ ನಗುವುದಕ್ಕಲ್ಲ. ದಡದಲ್ಲಿ ನಗುವವರನ್ನು ನಾನು ನೋಡಿಕೊಳ್ಳಬಲ್ಲೆ. ಅಮಾಲಿಯಾಳ ಹಬ್ಬ ತಪ್ಪಿದ್ದಕ್ಕೂ ಅಲ್ಲ. ಅವಳು ಗಡಿಯಾರ ಕಟ್ಟಿಕೊಂಡು ಎಲ್ಲವನ್ನೂ ಮರೆತಿದ್ದಾಳೆ.

ಚಳಿಗಾಲದಲ್ಲಿ ನೀನು, ನನ್ನನ್ನು ಅಪ್ಪಾ ಎನ್ನಬೇಡ ಎಂದು ಹೇಳಿಸಿದೆ. ನಾನು ಸರಿ ಎಂದೆ. ಎರಡು ತಿಂಗಳು ನಾನು ಯಾರೋ, ನೀನು ಯಾರೋ. ಉಂಡೆಯಾ, ಬೆನ್ನು ಹೇಗಿದೆ ಎಂದು ಕೇಳುತ್ತಿದ್ದವಳು ಕೇಳುವುದನ್ನು ಬಿಟ್ಟೆ. ಒಂದು ದಿನ ನಿನಗೆ ಬೇಕಾಯಿತು, ಎಲ್ಲರೆದುರಿಗೆ ನಾನು ನಿಮ್ಮಪ್ಪ ಎಂದು ಗದರಿಸಿದೆ. ನಾನು ನಿಂತೆ. ನಿಲ್ಲದೆ ಇರಲು ನನ್ನಿಂದಾಗಲಿಲ್ಲ. ಆದರೆ ಬಯ್ಯುವಾಗ ಮಾತ್ರ ಅಪ್ಪನಾಗುವುದು ಯಾವ ನ್ಯಾಯ? ನಮ್ಮಪ್ಪ ಹಾಗಿರಲಿಲ್ಲ.

ಹೇಳಬೇಕಾದದ್ದು ಮುಗಿಯಿತು.

ಬರುವ ಗುರುವಾರ ಹೊರಗಿನ ಊರುಗಳಿಗೆ ಸೀಮೆಎಣ್ಣೆ ಒಯ್ಯಬೇಕಾಗಿದೆ. ಇಲ್ಲಿಂದ ನೋಡಿದರೆ ಹಿಮ ದಟ್ಟವಾಗಿದೆ, ಅದರಾಚೆ ನನಗೆ ಕಾಣುವುದಿಲ್ಲ. ರೇಡಿಯೋದಲ್ಲಿ ಕೇಳಿದರೆ ಎಲ್ಲರೂ ಕೇಳಿಸಿಕೊಳ್ಳುತ್ತಾರೆಂದು ಬರೆಯುತ್ತಿದ್ದೇನೆ. ಹೊರಡಲೇ, ಬೇಡವೇ?

ಪಾವಿಯಾ

*

ಹಿಮ ಕಚೇರಿ
5 ಜುಲೈ 1986

ನನ್ನ ಪಾವಿಯಾ,

ನಿನ್ನ ಕಾಗದ ನಿನ್ನೆ ಬಂತು. ನೀನು ಕೇಳಿದ ಗುರುವಾರ ಕಳೆದು ಎರಡು ವಾರವಾಗಿದೆ. ನೀನು ಕೇಳಿದ ಹಿಮ ಕರಾವಳಿ ಹಿಡಿದು ಪಶ್ಚಿಮಕ್ಕೆ ಹೋಗಿ, ಅರ್ಧ ಕರಗಿ, ಈಗ ಬೇರೆ ಯಾರದೋ ತಲೆನೋವಾಗಿದೆ. ಹಿಮದ ಸುದ್ದಿಯನ್ನು ಅಂಚೆಯಲ್ಲಿ ಕೇಳುವ ನಾವಿಕ ನೀನೊಬ್ಬನೇ ಇರಬೇಕು. ಕಾಗದವನ್ನು ಎಷ್ಟು ಸಲ ಓದಿದೆನೆಂದು ಹೇಳುವುದಿಲ್ಲ. ಥೋರುಪ್, ಕಣ್ಣಿಗೆ ಏನಾಯಿತು ಎಂದು ಕೇಳಿದ. ಅವನ ಪೈಪಿನ ಹೊಗೆ ಎಂದೆ.

ಆ ಗುರುವಾರ ನೀನು ಹೊರಡಲಿಲ್ಲ, ಮಂಗಳವಾರದವರೆಗೆ ಕಾದೆ. ಸೀಮೆಎಣ್ಣೆ ತಡವಾಯಿತೆಂದು ಗೊಣಗಿದವರಿಂದ ಇದು ತಿಳಿಯಿತು. ನನ್ನ ಉತ್ತರ ಬರಲೆಂದು ಕಾದೆಯೋ? ಇಲ್ಲ ಎಂದರೂ ನಂಬುವುದಿಲ್ಲ.

ನೀನು ಬರೆದದ್ದು ನ್ಯಾಯ.

ಇನ್ನು ಮೇಲೆ ರೇಡಿಯೋದಲ್ಲೇ ಕೇಳು. ಬೆಳಗಿನ ವರದಿ ಓದಿದ ಮೇಲೂ ನಾನು ಅಲ್ಲೇ ಕೂತಿರುತ್ತೇನೆ. ಏನೆಂದು ಕರೆಯುತ್ತಿದ್ದೆಯೋ ಹಾಗೇ ಕರೆ. ಸಿಗಡಿ ಹಡಗಿನವರು ನಕ್ಕರೆ ನಗಲಿ. ನಾನು ಮೊದಲು ನಿನ್ನ ಬೆನ್ನು ಹೇಗಿದೆ ಎಂದು ಕೇಳುತ್ತೇನೆ. ಆಮೇಲೆ ಊಟವಾಯಿತೇ ಎಂದು ಕೇಳುತ್ತೇನೆ, ಇಡೀ ಕರಾವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಆಮೇಲೆ ಹಿಮದ ಮಾತು.

ನಿನ್ನ ಅಪ್ಪ
ಬೊಲೆತ್ತೆ